ಬಳ್ಳಿ ಸುತ್ತಿದ ದಿಕ್ಕು

ಯಾವ ಕ್ಯಾಮೆರಾ ಕೊಳ್ಳಬೇಕು ಎಂದು ಕೇಳಿಕೊಂಡು ಗಬ್ಬೂರಿನ ನಮ್ಮ ಮನೆಗೆ ಬರುವ ತರುಣರಿಗೆ ನಾನು ಮೊದಲು ಚಹಾ ಕೊಡುತ್ತೇನೆ, ಆಮೇಲೆ ನಿರಾಸೆ ಮಾಡುತ್ತೇನೆ. ಮೂವತ್ತು ವರ್ಷ ಗಿಡಮರಗಳ ಫೋಟೋ ತೆಗೆದ ಮನುಷ್ಯ ಎಂದರೆ ಹುಲಿ, ಆನೆ, ಹಿಮದ ಬೆಟ್ಟ ಎಲ್ಲ ನೋಡಿ ಬಂದಿರುತ್ತಾನೆ ಎಂದು ಅವರು ತಿಳಿದಿರುತ್ತಾರೆ. ನಾನು ಇದುವರೆಗೆ ಕಾಡಿನಲ್ಲಿ ಒಂದು ಹುಲಿಯನ್ನೂ ಕಂಡಿಲ್ಲ. ಸ್ಕೂಟರಿನ ಪೆಟ್ರೋಲ್ ಟಾಕಿ ಒಮ್ಮೆ ತುಂಬಿಸಿದರೆ ಹೋಗಿ ಸಂಜೆಗೆ ಮನೆಗೆ ಬರಬಹುದಾದ ದೂರದಲ್ಲೇ ನನ್ನ ಇಡೀ ನೌಕರಿ ಮುಗಿದಿದೆ. ಹಾಗಂತ ಕೆಲಸ ಹಗುರಾಗಿತ್ತು ಎಂದುಕೊಳ್ಳಬೇಡಿ. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಎರಡು ಮಾತು ಬರೆದಿಡೋಣ ಎಂದು ಕುಳಿತಿದ್ದೇನೆ. ಎರಡಕ್ಕೇ ನಿಲ್ಲುತ್ತದೆ ಎಂದು ನನಗೇ ನಂಬಿಕೆಯಿಲ್ಲ.

ಧಾರವಾಡದ ಒಂದು ಸಂಶೋಧನಾ ಸಂಸ್ಥೆಯ ಸಸ್ಯ ವಿಭಾಗದಲ್ಲಿ ನಾನು ಫೋಟೋಗ್ರಾಫರ್ ಆಗಿದ್ದೆ. ಸಂಸ್ಥೆಯ ಹೆಸರು ಇಲ್ಲಿ ಬೇಡ, ಅಲ್ಲಿ ಈಗಲೂ ಗೆಳೆಯರಿದ್ದಾರೆ. ನನ್ನ ಹೆಸರು ದಾವಲಸಾಬ. ಅಲ್ಲಿ ಎಲ್ಲರ ಬಾಯಲ್ಲಿ ದಾವಲ್. ನಮ್ಮ ತಂದೆ ಹಳೇ ಹುಬ್ಬಳ್ಳಿಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದರು. ಬಿಚ್ಚಿದ್ದನ್ನು ಇದ್ದ ಹಾಗೇ ಕೂಡಿಸುವುದನ್ನು ಅವರಿಂದ ಕಲಿತಿದ್ದೇನೆ ಎಂದು ನನಗೆ ಬಹಳ ದಿನ ಜಂಬವಿತ್ತು. ಬಡ್ತಿಯ ವಿಷಯ ಕೇಳುವವರಿಗೆ ಹೇಳುವುದಾದರೆ, ಒಂದೇ ಒಂದು ಬಂತು. ಅದರಿಂದ ನನ್ನ ಕುರ್ಚಿಗೆ ಎರಡು ಕೈ ಬಂದವು, ಅಷ್ಟೇ.

ಊರ ಸುತ್ತಿನ ಒಂದೊಂದು ಗಿಡವನ್ನೂ ವರ್ಷಕ್ಕೆ ನಾಲ್ಕು ಸಲ ಹೋಗಿ ಕಾಣುವುದು ನಮ್ಮ ಕೆಲಸ. ಚಿಗುರಿದಾಗ ಒಮ್ಮೆ, ಹೂಬಿಟ್ಟಾಗ ಒಮ್ಮೆ, ಕಾಯಿ ಕಟ್ಟಿದಾಗ ಒಮ್ಮೆ, ಒಣಗಿ ನಿಂತಾಗ ಒಮ್ಮೆ. ನಾಲ್ಕೂ ಫೋಟೋ ಕೂಡಿದರೇ ಆ ಗಿಡದ ಲೆಕ್ಕ ಪೂರ್ತಿ. ಮಳೆಗಾಲದ ಫೋಟೋ ತಪ್ಪಿತೆಂದರೆ ಮುಂದಿನ ಮಳೆಗಾಲದ ತನಕ ಬಾಯಿ ಮುಚ್ಚಿಕೊಂಡು ಕಾಯಬೇಕು. ಹುಲ್ಲಿನ ಮುಂದೆ ಬೋರಲು ಮಲಗಿದ್ದ ನನ್ನನ್ನು ಒಮ್ಮೆ ಒಬ್ಬ ಕುರಿ ಕಾಯುವ ಹಿರಿಯ ಮಾತಾಡಿಸಿದ.

“ಏನ್ ಹುಡುಕಾಕತ್ತೀರಿ ಸಾಹೇಬ್ರ? ಏನರ ಕಳಕೊಂಡೀರೇನು?”

“ಇಲ್ರಿ ಕಾಕಾ, ಹುಲ್ಲಿನ ಫೋಟೋ ತಗ್ಯಾಕತ್ತೇನಿ.”

“ಹುಲ್ಲಿನ ಫೋಟೋನ? ಯಾಕ, ಅದಕ್ಕೇನರ ಲಗ್ನಾ ಗೊತ್ತಾಗೇತೇನು?”

ನಾನು ನಕ್ಕು ನಕ್ಕು ಕೈ ನಡುಗಿ, ಆ ಫೋಟೋ ಕೆಟ್ಟಿತು.

ನನಗೆ ಕೆಲಸ ಕಲಿಸಿದವರು ವತ್ಸಲಾಬಾಯಿ. ವಿಭಾಗದ ಹಿರಿಯ ಸಸ್ಯತಜ್ಞೆ, ಮಾಳಮಡ್ಡಿಯವರು. ಮನೆತುಂಬ ಹಾಡುವವರು, ಬಾರಿಸುವವರು. ಇವರೊಬ್ಬರೇ ಗಿಡಗಳ ಹಿಂದೆ ಬಿದ್ದವರು. ನಾವೆಲ್ಲ ಅವರನ್ನು ಬಾಯಾರು ಎನ್ನುತ್ತಿದ್ದೆವು. ಬಾಯಾರ ಸಿಟ್ಟು ಬೇಗ ಬರುತ್ತಿತ್ತು, ಬೇಗ ಹೋಗುತ್ತಿತ್ತು, ನಡುವೆ ಸಿಕ್ಕವನ ಗತಿ ಮಾತ್ರ ಹೇಳತೀರದು. ನಡುವೆ ಸಿಗುವವನು ಹೆಚ್ಚಾಗಿ ನಾನೇ.

ನೌಕರಿಗೆ ಸೇರಿದ ಮೊದಲ ವರ್ಷ ಮೃಗಶಿರಾ ಮಳೆ ಬಿತ್ತು. ಮೊದಲ ಮಳೆ ಬಿದ್ದೊಡನೆ ನೆಲದೊಳಗಿಂದ ಕೆಂಪು ಮಖಮಲ್ಲಿನಂಥ ಪುಟ್ಟ ಹುಳಗಳು ಹೊರಬರುತ್ತವೆ; ಒಂದೆರಡು ದಿನ ಕಂಡು ಮಾಯವಾಗುತ್ತವೆ. ಹೊಸ ಹುಲ್ಲಿನ ಮೊಳಕೆಯ ಜೊತೆ ಅವುಗಳ ಫೋಟೋ ಬೇಕೆಂದರು ಬಾಯಾರು. ನಾನು ಕೆಸರಿನಲ್ಲಿ ಮೊಣಕೈ ಊರಿ ತೆಗೆದೇ ತೆಗೆದೆ. ಒಂದು ರೀಲಿನಲ್ಲಿ ಮೂವತ್ತಾರು ಫೋಟೋ ಬರುತ್ತಿದ್ದ ಕಾಲ. ನನ್ನ ಕ್ಯಾಮೆರಾದಲ್ಲಿ ಮೂವತ್ತಾರು ಮುಗಿಯಿತು, ನಲವತ್ತಾಯಿತು, ಇನ್ನೂ ಬರುತ್ತಲೇ ಇದೆ. ಕಂಪನಿಯವರು ಕೈ ಬಿಚ್ಚಿ ರೀಲು ತುಂಬಿದ್ದಾರೆ ಎಂದು ಖುಷಿಪಟ್ಟೆ. ಕತ್ತಲೆ ಕೋಣೆಯಲ್ಲಿ ತೆರೆದು ನೋಡಿದರೆ ರೀಲಿನ ತುದಿ ಒಳಗೆ ಸಿಕ್ಕಿಕೊಂಡೇ ಇರಲಿಲ್ಲ. ಒಂದು ಫೋಟೋವೂ ಮೂಡಿರಲಿಲ್ಲ.

ಬಾಯಾರಿಗೆ ಹೇಳಿದೆ. ಅವರು ನನ್ನ ಕೆಸರು ಮೆತ್ತಿದ ಅಂಗಿಯನ್ನೊಮ್ಮೆ ನೋಡಿದರು.

“ಹುಳಾ ಛಲೋ ನೋಡಿದೀಯಲ್ಲ? ಇವತ್ತಿಗೆ ಅಷ್ಟು ಸಾಕು. ಬರೋ ವರ್ಷ ಮತ್ತ ಹೋಗೂಣು.”

ಅಂದಿನಿಂದ ರೀಲು ಹಾಕಿದ ಮೇಲೆ ಹಿಂದಕ್ಕೆ ಸುತ್ತುವ ಗುಂಡಿ ತಿರುಗುತ್ತದೆಯೋ ಇಲ್ಲವೋ ನೋಡದೆ ನಾನು ಒಂದು ಫೋಟೋ ತೆಗೆಯಲಿಲ್ಲ. ನಿಮ್ಮ ಕಾಲಕ್ಕೆ ಆ ಗುಂಡಿಯೇ ಇಲ್ಲ. ಆದರೆ ಕ್ಯಾಮೆರಾದ ಮೆಮೊರಿ ಕಾರ್ಡನ್ನು ಮನೆಯಲ್ಲೇ ಮರೆತು ಹೊಲಕ್ಕೆ ಹೋದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ, ಹೆಸರು ಹೇಳುವುದಿಲ್ಲ.

ಇನ್ನೊಂದು ಸಲ ಬೇಸಿಗೆಯಲ್ಲಿ, ಕಾಡುಮಲ್ಲಿಗೆಯ ಮೇಲೆ ಇಬ್ಬನಿ ಇದ್ದರೆ ಚಂದ ಎಂದುಕೊಂಡು ಬಾಟಲಿಯ ನೀರು ಚಿಮುಕಿಸಿ ಫೋಟೋ ತೆಗೆದೆ. ಫೋಟೋ ನಿಜಕ್ಕೂ ಚಂದ ಬಂದಿತ್ತು. ಬಾಯಾರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು.

“ದಾವಲ್, ನೆರಳು ನೋಡಿದ್ರ ಮಟಮಟ ಮಧ್ಯಾಹ್ನ. ಇಬ್ಬನಿ ಎಲ್ಲಿಂದ ಬಂತು? ನಿಮ್ಮ ಮನಿ ಕೊಡದಾಗಿಂದೇನು?”

ನಾನು ತಲೆ ತಗ್ಗಿಸಿದೆ.

“ಗಿಡಾ ಹ್ಯಾಂಗದನೋ ಹಂಗ ತಗಿ. ಛಂದ ಮಾಡೋದು ಅದಕ್ಕ ಗೊತ್ತದ. ನಮ್ಮ ಫೋಟೋ ನೋಡಿ ನಾಳೆ ಯಾರರ ಅದನ್ನ ಹುಡುಕಿಕೊಂಡು ಹೋಗ್ತಾರ, ಅವರಿಗೆ ಅದ ಗಿಡಾ ಸಿಗಬೇಕು.”

ಈ ಮಾತನ್ನು ನಾನು ಕೇಳಿಸಿಕೊಂಡೆ, ಒಪ್ಪಿಕೊಂಡೆ. ಅದರ ಅರ್ಥ ಹೊಟ್ಟೆಗೆ ಇಳಿದದ್ದು ಬಹಳ ವರ್ಷಗಳ ಮೇಲೆ.

ಋತುಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ನಮ್ಮ ಕಡೆಯ ಮಳೆಗಾಲ ಫೋಟೋಗ್ರಾಫರನಿಗೆ ಹೊರಗೆ ಹಬ್ಬ, ಒಳಗೆ ರೋಗ. ಹೊರಗೆ ಎಲ್ಲವೂ ಹಸಿರು, ಮೋಡದ ಬೆಳಕು ಎಲೆಯ ಮೇಲೆ ಹದವಾಗಿ ಬೀಳುತ್ತದೆ. ಒಳಗೆ ಕಪಾಟಿನಲ್ಲಿ ಲೆನ್ಸಿಗೂ ಫಿಲಮ್ಮಿಗೂ ಬೂಸು ಹಿಡಿಯುತ್ತದೆ. ಚಳಿಗಾಲಕ್ಕೆ ನನ್ನ ಮನಸ್ಸು ಸದಾ ಒಂದು ಗುಂಜಿ ಹೆಚ್ಚು ವಾಲುತ್ತದೆ: ಬಿಳಿಜೋಳ ಹಾಲುಗಾಳಿಗೆ ಬಂದಿರುತ್ತದೆ, ಕುಸುಬೆ ಹಳದಿ ಹೂ ಬಿಟ್ಟಿರುತ್ತದೆ, ಬೆಳಗಿನ ಎಂಟೂವರೆಯ ತನಕ ಬಿಸಿಲು ಮೆತ್ತಗಿರುತ್ತದೆ. ಬೇಸಿಗೆಯಲ್ಲಿ ಮುತ್ತಗದ ಹೂವಿನ ಕೆಂಪು ಒಂದನ್ನು ಹಿಡಿದು ಹುಣಸೆಮರದ ಕೆಳಗೆ ನಿದ್ದೆ ಮಾಡುವುದೇ ಜಾಣತನ. ಇಷ್ಟರ ನಡುವೆ ಮೇಲಧಿಕಾರಿಗಳ ಸನ್ಮಾನ ಸಮಾರಂಭಗಳಿಗೂ ನನ್ನನ್ನೇ ಎಳೆದೊಯ್ಯುತ್ತಿದ್ದರು. ಲೆಕ್ಕ ಹಾಕಿದರೆ ನಾನು ಹೂಗಳಿಗಿಂತ ಶಾಲುಗಳ ಫೋಟೋ ಹೆಚ್ಚು ತೆಗೆದಿರಬಹುದು.

ಈಗ ನಾನು ಮಾಡಿದ ತಪ್ಪಿಗೆ ಬರುತ್ತೇನೆ. ಅದನ್ನು ಬರೆಯದೆ ಉಳಿದದ್ದೆಲ್ಲ ಬರೆದರೆ ಈ ಬರಹಕ್ಕೆ ಅರ್ಥವಿಲ್ಲ.

ನಮ್ಮ ವಿಭಾಗಕ್ಕೆ ಡಿಜಿಟಲ್ ಕ್ಯಾಮೆರಾ ಇನ್ನೂ ಬಂದಿರಲಿಲ್ಲ. ಅಚ್ಚಿಗೆ ಹೋಗುವ ಬಣ್ಣದ ಫೋಟೋಗಳನ್ನು ಸ್ಲೈಡಿನಲ್ಲಿ ತೆಗೆಯುತ್ತಿದ್ದೆವು. ಸ್ಲೈಡು ಎಂದರೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಫಿಲಮ್ಮಿನ ತುಂಡು, ಸುತ್ತ ಕಾಗದದ ಚೌಕಟ್ಟು. ಅದು ಪಾರದರ್ಶಕ, ಆದ್ದರಿಂದ ಯಾವ ಬದಿಯಿಂದ ನೋಡಿದರೂ ಚಿತ್ರ ಕಾಣುತ್ತದೆ. ಹೊಳೆಯುವ ಬದಿಯಿಂದ ನೋಡಿದರೆ ಇದ್ದದ್ದು ಇದ್ದಂತೆ. ಮಂಕಾದ ಬದಿಯಿಂದ ನೋಡಿದರೆ ಕನ್ನಡಿಯಲ್ಲಿ ಕಂಡಂತೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಅಚ್ಚಿನವರಿಗೆ ಗೊಂದಲವಾಗದಿರಲಿ ಎಂದು ಸರಿಯಾದ ಬದಿಯ ಚೌಕಟ್ಟಿನ ಮೂಲೆಯಲ್ಲಿ ನಾನು ಕೆಂಪು ಶಾಯಿಯ ಚುಕ್ಕೆ ಇಡುತ್ತಿದ್ದೆ. ನನ್ನ ಚುಕ್ಕೆಯನ್ನು ಅವರು ಕಣ್ಣುಮುಚ್ಚಿ ನಂಬುತ್ತಿದ್ದರು.

ಆ ವರ್ಷ ಬಾಯಾರು ಹಳ್ಳಿಯ ಶಾಲೆಗಳಿಗಾಗಿ ಒಂದು ಪುಟ್ಟ ಪುಸ್ತಕ ಮಾಡುತ್ತಿದ್ದರು. ನಮ್ಮ ಸುತ್ತಮುತ್ತ ತಾನಾಗಿ ಬೆಳೆಯುವ, ತಿನ್ನಬಹುದಾದ ಸೊಪ್ಪು, ಕಾಯಿ, ಗೆಣಸುಗಳ ಪುಸ್ತಕ. ಅದರ ಒಂದು ಪುಟದಲ್ಲಿ ಎರಡು ಕಾಡುಗೆಣಸಿನ ಬಳ್ಳಿಗಳಿದ್ದವು. ಒಂದನ್ನು ಕುದಿಸಿ ತಿನ್ನಬಹುದು. ಇನ್ನೊಂದು ಕಹಿಗೆಣಸು; ತಿಂದರೆ ಗಂಟಲು ಉರಿದು ವಾಂತಿಯಾಗುತ್ತದೆ, ಹೆಚ್ಚು ತಿಂದರೆ ಮಕ್ಕಳ ಜೀವಕ್ಕೇ ಅಪಾಯ. ಎರಡರ ಎಲೆಯೂ ವೀಳ್ಯದೆಲೆಯ ಆಕಾರ. ತಿಳಿದವರಿಗೆ ಗುರುತು ಹತ್ತಿವೆ. ತಿಳಿಯದವರಿಗೆ ಸುಲಭದ ಗುರುತು ಒಂದೇ, ಬಳ್ಳಿ ಸುತ್ತುವ ದಿಕ್ಕು. ಎದುರು ನಿಂತು ನೋಡಿದರೆ ತಿನ್ನುವ ಗೆಣಸಿನ ಬಳ್ಳಿ ಎಡಗಡೆ ಕೆಳಗಿನಿಂದ ಬಲಗಡೆ ಮೇಲಕ್ಕೆ ಏರುತ್ತದೆ. ಕಹಿಯದು ಅದರ ವಿರುದ್ಧ.

“ಎಡಾ ಬಲಾ ಅಂತ ಬರದ್ರ ಮಂದಿ ಗೊಂದಲ ಮಾಡಿಕೋತಾರ, ಯಾರ ಎಡಾ, ಯಾರ ಬಲಾ ಅಂತ,” ಎಂದರು ಬಾಯಾರು. “ಚಿತ್ರದಾಗ ಬಳ್ಳಿ ಹ್ಯಾಂಗ ಸುತ್ತೇದೋ ನೋಡಿಕೊಳ್ರಿ ಅಂತಷ್ಟ ಬರೀತೀನಿ. ಉಳದದ್ದು ನಿನ್ನ ಚಿತ್ರಾ ಹೇಳಲಿ.”

ಅಂದರೆ ಆ ಪುಟದ ಭಾರವೆಲ್ಲ ನನ್ನ ಎರಡು ಸ್ಲೈಡುಗಳ ಮೇಲೆ. ಅವುಗಳನ್ನು ಮಳೆಗಾಲದಲ್ಲಿ ಚೆನ್ನಾಗಿಯೇ ತೆಗೆದಿದ್ದೆ. ಮಳೆ ಮುಗಿದು ಕಪಾಟು ತೆರೆದರೆ ಎರಡಕ್ಕೂ ಬೂಸು ಹಿಡಿದಿತ್ತು. ಚೌಕಟ್ಟು ಬಿಚ್ಚಿ, ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಒರೆಸಿ, ಒಣಗಿಸಿ, ಹೊಸ ಚೌಕಟ್ಟಿನಲ್ಲಿ ಕೂಡಿಸಬೇಕು. ಅದು ರಂಜಾನ್ ತಿಂಗಳು. ರೋಜಾ ಬಿಡುವ ಹೊತ್ತಿಗೆ ಧಾರವಾಡದಿಂದ ಗಬ್ಬೂರು ಮುಟ್ಟಬೇಕು, ಮನೆಯಲ್ಲಿ ಹೆಂಡತಿ ಫಾತಿಮಾ ಕಾಯುತ್ತಿರುತ್ತಾಳೆ. ಗಡಿಯಾರ ನೋಡುತ್ತ ಲಗುಬಗೆಯಿಂದ ಎರಡನ್ನೂ ಕೂಡಿಸಿದೆ. ಎರಡನ್ನೂ ಮಂಕಾದ ಬದಿ ಮುಂದಾಗಿ ಕೂಡಿಸಿದೆ. ಮರುದಿನ ಬೆಳಿಗ್ಗೆ ನೆಮ್ಮದಿಯಾಗಿ ಕುಳಿತು, ತಪ್ಪು ಬದಿಯ ಮೂಲೆಗೆ, ಗುಂಡಗೆ, ಚೊಕ್ಕವಾಗಿ ಕೆಂಪು ಚುಕ್ಕೆ ಇಟ್ಟೆ.

ಒಂದೇ ಸ್ಲೈಡು ತಿರುವಿದ್ದರೆ ಎರಡು ಬಳ್ಳಿಯೂ ಒಂದೇ ಕಡೆ ಸುತ್ತಿ, ಯಾರಾದರೂ ಹಿಡಿಯುತ್ತಿದ್ದರು. ಎರಡೂ ತಿರುವಿದ್ದರಿಂದ ಪುಟ ನೋಡಲು ಸರಿಯಾಗಿಯೇ ಇತ್ತು. ತಿನ್ನುವುದು ಕಹಿಯಂತೆ, ಕಹಿ ತಿನ್ನುವುದರಂತೆ ಸುತ್ತಿತ್ತು. ಬಾಯಾರು ನೋಡಿದ್ದರೆ ಒಂದು ಕ್ಷಣದಲ್ಲಿ ಹಿಡಿಯುತ್ತಿದ್ದರು. ಆದರೆ ಕರಡು ಬಂದ ವಾರ ಅವರು ವಿದ್ಯಾನಗರದ ಒಂದು ಆಸ್ಪತ್ರೆಯಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು ಪಟ್ಟಿ ಕಟ್ಟಿಕೊಂಡಿದ್ದರು. ಕರಡು ನೋಡುವ ಕೆಲಸ ನನ್ನ ಪಾಲಿಗೆ ಬಂತು. ಅಕ್ಷರದ ತಪ್ಪುಗಳನ್ನೆಲ್ಲ ಹೆಕ್ಕಿ ತೆಗೆದೆ, ಹಸಿರು ಹೆಚ್ಚಾಗಿದೆ ಎಂದು ಅಚ್ಚಿನವರ ಜೊತೆ ಜಗಳಾಡಿದೆ. ನನ್ನದೇ ಚಿತ್ರದ ದಿಕ್ಕು ನೋಡಲಿಲ್ಲ. ನಾನು ತೆಗೆದದ್ದಲ್ಲವೇ, ಸರಿಯಾಗಿಯೇ ಇರುತ್ತದೆ ಎಂಬ ಭರವಸೆ.

ಪುಸ್ತಕ ಡಿಸೆಂಬರಿನಲ್ಲಿ ಬಂತು. ಮೊದಲ ಕಟ್ಟನ್ನು ಒಯ್ದವರು ಕಲಘಟಗಿ ಕಡೆಯ ಒಂದು ಹಳ್ಳಿಯ ಶಾಲೆಯ ನಿಂಗಪ್ಪ ಮಾಸ್ತರು. ಉತ್ಸಾಹದ ಮನುಷ್ಯ, ಒಳ್ಳೆಯ ಮೇಷ್ಟ್ರು.

“ಎಳ್ಳಮಾಸಿ ದಿನ ಚರಗಾ ಚೆಲ್ಲಾಕ ಮಕ್ಕಳನ್ನ ಹೊಲಕ್ಕ ಕರಕೊಂಡು ಹೊಂಟೇನ್ರಿ,” ಎಂದರು. “ಈ ಸಲ ಪುಸ್ತಕಾ ನೋಡಿ ಗೆಣಸು ಅಗಿಸಿ, ಅಲ್ಲೇ ಕುದಿಸಿ, ಮಧ್ಯಾಹ್ನ ಊಟದಾಗ ಎಲ್ಲಾರಿಗೂ ಹಾಕಾಂವ.”

ನನಗೆ ಹೆಮ್ಮೆಯಾಯಿತು. ನನ್ನ ಫೋಟೋ ನೋಡಿ ಮಕ್ಕಳು ಗೆಣಸು ಅಗೆಯುತ್ತಾರೆ ಎಂದು ಮನೆಯಲ್ಲಿಯೂ ಬಾಯಾರಿಗೂ ಹೇಳಿಕೊಂಡೆ.

ಎಳ್ಳಮಾವಾಸ್ಯೆಯ ಬೆಳಿಗ್ಗೆ ಒಂದು ಪ್ರತಿ ಹಿಡಿದು ಮಾಳಮಡ್ಡಿಗೆ ಹೋದೆ. ಬಾಯಾರ ಕಣ್ಣಿನ ಪಟ್ಟಿ ತೆಗೆದಿದ್ದರು, ಕಪ್ಪು ಕನ್ನಡಕ ಹಾಕಿಕೊಂಡಿದ್ದರು. ಓದಲು ಇನ್ನೂ ಆಗುತ್ತಿರಲಿಲ್ಲ. ಪುಸ್ತಕವನ್ನು ಕೈಯಲ್ಲಿ ಸವರಿದರು.

“ಹಿತ್ತಲದಾಗ ಎರಡೂ ಬಳ್ಳಿ ಅವ. ಎಲಿ ಬಣ್ಣ ಪುಸ್ತಕದಾಗ ಸರೀ ಬಂದದೇನು, ಬಾಜೂಕ ಹಿಡಿದು ನೋಡಿ ಬಂದು ಹೇಳು,” ಎಂದರು.

ಹಿತ್ತಲಿನಲ್ಲಿ ಅರಿವೆ ಒಣಹಾಕುವ ಕಂಬಕ್ಕೆ ತಿನ್ನುವ ಗೆಣಸಿನ ಬಳ್ಳಿ ಸುತ್ತಿತ್ತು. ಎಲೆ ಹಣ್ಣಾಗಿದ್ದವು. ಪುಟ ತೆರೆದು ಪಕ್ಕದಲ್ಲಿ ಹಿಡಿದೆ. ಕಂಬದ ಬಳ್ಳಿ ಬಲಕ್ಕೆ ಏರಿತ್ತು, ಪುಸ್ತಕದ್ದು ಎಡಕ್ಕೆ. ಬಳ್ಳಿಯೇ ತಪ್ಪಿರಬೇಕು ಎಂದು ಮೊದಲು ಅನಿಸಿತು, ಅಷ್ಟು ಜಂಬ ನನಗೆ. ಪುಸ್ತಕವನ್ನು ತಲೆಕೆಳಗು ಮಾಡಿದೆ, ದಿಕ್ಕು ಬದಲಾಗಲಿಲ್ಲ. ಕಡೆಗೆ ಆ ಹಾಳೆಯನ್ನು ಬಿಸಿಲಿಗೆ ಹಿಡಿದು ಹಿಂದಿನಿಂದ ನೋಡಿದೆ. ಹಿಂದಿನಿಂದ ನೋಡಿದಾಗ ಸರಿಯಾಗಿ ಹೊಂದಿತು.

ಒಳಗೆ ಬಂದು ನಿಂತೆ. ಸುಳ್ಳು ಹೇಳುವ ಯೋಚನೆ ಬರಲಿಲ್ಲ ಎಂದರೆ ಅದೂ ಸುಳ್ಳೇ. ಬಂದಿತ್ತು, ಎರಡು ಉಸಿರಿನಷ್ಟು ಹೊತ್ತು.

“ಬಾಯಾರ, ಗೆಣಸಿನ ಸ್ಲೈಡು ತಿರುವಿ ಹಾಕೇನ್ರಿ. ತಪ್ಪು ನಂದು.”

“ಯಾವುದು?”

“ಎರಡೂರಿ.”

ಅವರು ಕೇಳಿದ ಪ್ರಶ್ನೆ ನನ್ನ ಬಗ್ಗೆ ಆಗಿರಲಿಲ್ಲ.

“ಇವತ್ತ ಅಲ್ಲೇನು, ನಿಂಗಪ್ಪ ಮಾಸ್ತರು ಮಕ್ಕಳಿಗೆ ಕುದಿಸಿ ಹಾಕೋದು?”

ಗಂಟೆ ಹತ್ತಾಗಿತ್ತು. ಶಾಲೆಗೆ ಫೋನ್ ಮಾಡಿದೆವು. ಬೀಗ ಹಾಕಿದ ಶಾಲೆಯಲ್ಲಿ ಅದು ಸುಮ್ಮನೆ ಬಡಿದುಕೊಂಡಿತು. ಮಾಸ್ತರ ಹತ್ತಿರ ಮೊಬೈಲ್ ಇರಲಿಲ್ಲ. ನಾನು ಸ್ಕೂಟರಿನ ಕೀಲಿ ತೆಗೆದೆ. ಬಾಯಾರು ಆಗಲೇ ಸೆರಗು ಸಿಕ್ಕಿಸಿ ಚಪ್ಪಲಿ ಮೆಟ್ಟಿದ್ದರು.

“ನೀವು ಬ್ಯಾಡ್ರಿ ಬಾಯಾರ. ಡಾಕ್ಟರ್ ಏನ್ ಹೇಳ್ಯಾರ? ಕಣ್ಣಿಗೆ ಧೂಳಾ ಹತ್ತಿದ್ರ—”

“ಪುಸ್ತಕದ ಮ್ಯಾಲ ನನ್ನ ಹೆಸರದ. ನೀ ಒಬ್ಬನ ಹೋಗಿ ಹೇಳಿದ್ರ ಆ ಮಾಸ್ತರು ಕೇಳೋದುಲ್ಲ, ಪುಸ್ತಕದ ಮಾತ ಖರೇ ಅಂತಾರ. ನಡಿ, ಲಗೂ ಚಾಲೂ ಮಾಡು.”

ಹೀಗೆ ನಾವು ಹೊರಟೆವು. ಕಪ್ಪು ಕನ್ನಡಕದ ಮೇಲೆ ಸೆರಗು ಸುತ್ತಿಕೊಂಡು ಬಾಯಾರು ನನ್ನ ಭುಜ ಹಿಡಿದು ಕುಳಿತಿದ್ದರು. ಆ ಹಿಡಿತ ನನಗೆ ಈಗಲೂ ನೆನಪಿದೆ. ದಾರಿಯುದ್ದಕ್ಕೂ ಎರಡೇ ಪ್ರಶ್ನೆ: ಗಂಟೆ ಎಷ್ಟಾಯಿತು, ಇನ್ನೆಷ್ಟು ದೂರ. ಎರಡೂ ಕಡೆ ಜೋಳ, ಕುಸುಬೆ, ಕಡಲೆ. ಇಡೀ ವರ್ಷದಲ್ಲಿ ನಾನು ಕಾಯುವ ಬೆಳಕು. ಅಂದು ಒಂದನ್ನೂ ಕಣ್ಣೆತ್ತಿ ನೋಡಲಿಲ್ಲ.

ಎಳ್ಳಮಾವಾಸ್ಯೆಯ ದಿನ ನಮ್ಮ ಕಡೆ ಊರಿಗೆ ಊರೇ ಹೊಲದಲ್ಲಿರುತ್ತದೆ. ಬಗೆಬಗೆಯ ಅಡುಗೆ ಬುಟ್ಟಿಯಲ್ಲಿ ಹೊತ್ತು ಹೋಗಿ, ಭೂಮಿತಾಯಿಗೆ ಪೂಜೆ ಮಾಡಿ, ತಂದ ಅಡುಗೆಯಲ್ಲಿ ತುಸು ಪೈರಿಗೆ ಚರಗ ಎಂದು ಚೆಲ್ಲಿ, ಎಲ್ಲರೂ ಕೂಡಿ ಉಣ್ಣುತ್ತಾರೆ. ಆ ದಿನ ದಾರಿಹೋಕನನ್ನು ಊಟಕ್ಕೆ ಕರೆಯದೆ ಬಿಡುವುದಿಲ್ಲ. ರಸ್ತೆಯ ತುಂಬ ಚಕ್ಕಡಿ, ಟ್ರ್ಯಾಕ್ಟರು. ದಾರಿ ಬಿಡಿ ಎಂದು ಹಾರ್ನು ಒತ್ತಿದರೆ ಜನ ಸ್ಕೂಟರಿನ ಹ್ಯಾಂಡಲ್ ಹಿಡಿದೇ ಬಿಡುತ್ತಿದ್ದರು.

“ಬರ್ರಿ ಅಕ್ಕಾರ, ಬರ್ರಿ ಅಣ್ಣಾರ, ಒಂದ್ ತುತ್ತು ಉಂಡು ಹೋಗ್ರಿ. ಇವತ್ತ ಹಂಗ ಹೋಗಬಾರದು.”

“ಮಕ್ಕಳು ವಿಷಾ ತಿಂತಾವ್ರಿ, ಬಿಡ್ರಿ!” ಎಂದು ನಾನು ಕೂಗಿಬಿಟ್ಟೆ. ಹ್ಯಾಂಡಲ್ ಹಿಡಿದವನು ಬೆಚ್ಚಿ ಬಿಟ್ಟ. ಯಾವ ಶಾಲೆ, ಯಾವ ಮಾಸ್ತರು ಎಂದು ಕೇಳಿ, ತಾನೇ ಮುಂದೆ ಓಡಿ ಚಕ್ಕಡಿಗಳನ್ನು ಬದಿಗೆ ಸರಿಸಿದ. ಹಳ್ಳ ದಾಟಿ ಬನ್ನಿಗಿಡದ ಹೊಲಕ್ಕೆ ಹೋಗಿ ಎಂದು ದಾರಿ ತೋರಿಸಿದವನೂ ಅವನೇ. ಅವನ ಹೆಸರು ಕೇಳುವುದೂ ನನಗೆ ಮರೆತುಹೋಯಿತು.

ಬನ್ನಿಗಿಡ ಕಂಡಾಗ ಹನ್ನೆರಡೂವರೆ. ಸ್ಕೂಟರು ನಿಲ್ಲಿಸಿ ಬದುವಿನ ಮೇಲೆ ಓಡಿದೆ. ಮಕ್ಕಳು ಎರಡು ಸಾಲಾಗಿ ಕುಳಿತು ಉಣ್ಣುತ್ತಿದ್ದವು. ಮೂರು ಕಲ್ಲಿನ ಒಲೆಯ ಮೇಲೆ ಕುದಿಸುವ ಪಾತ್ರೆ ಇರಲಿಲ್ಲ. ನಿಂಗಪ್ಪ ಮಾಸ್ತರು ಗಿಡಕ್ಕೆ ಒರಗಿ, ತಲೆಯ ಮೇಲೆ ಒದ್ದೆ ಟವೆಲ್ ಹಾಕಿಕೊಂಡು, ಕಣ್ಣು ಮುಚ್ಚಿ ಕುಳಿತಿದ್ದರು. ತುಟಿ ಬಾತಿದ್ದವು. ಪಕ್ಕದಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಮಜ್ಜಿಗೆಯ ಗಿಂಡಿ ಹಿಡಿದು ನಿಂತಿದ್ದಳು.

“ಗೆಣಸು! ಮಕ್ಕಳು ಗೆಣಸು ತಿಂದ್ವೇನ್ರಿ?” ನನ್ನ ದನಿ ನನಗೇ ಗುರುತು ಸಿಗಲಿಲ್ಲ.

“ಯಾವ ಮಕ್ಕಳೂ ತಿಂದಿಲ್ಲರೀ ಅಣ್ಣಾರ. ಉಸರು ಬಿಡ್ರಿ ಮೊದಲ,” ಎಂದಳು ಆಕೆ. “ಮಾಸ್ತರೊಬ್ಬರ ತಿಂದಾರ.”

ನಾನು ಅಲ್ಲೇ ಜೋಳದ ಸಾಲಿನಲ್ಲಿ ಕುಕ್ಕರಿಸಿ ಅತ್ತುಬಿಟ್ಟೆ. ಮಕ್ಕಳು ರೊಟ್ಟಿ ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದವು. ನನಗೆ ನಾಚಿಕೆಯಾಗಲಿಲ್ಲ, ಅಂಥ ಸಮಾಧಾನ ನನಗೆ ಜೀವನದಲ್ಲಿ ಮತ್ತೆ ಯಾವಾಗಲೂ ಆಗಿಲ್ಲ.

ಆಕೆ ಯಲ್ಲವ್ವ, ಆ ಹೊಲದ ಮಾಲಕಿ, ಶಾಲೆಯ ಒಬ್ಬ ಹುಡುಗಿಯ ಅಜ್ಜಿ. ನಡೆದದ್ದನ್ನು ಆಕೆಯೇ ಹೇಳಿದಳು. ಬೆಳಿಗ್ಗೆ ಮಾಸ್ತರು ಪುಸ್ತಕ ಹಿಡಿದು ಬೇಲಿಸಾಲಿನಲ್ಲಿ ಮಕ್ಕಳಿಗೆ ಬಳ್ಳಿ ತೋರಿಸಿದ್ದಾರೆ. ಒಂದಿಬ್ಬರು ಮಕ್ಕಳು, ‘ಸರ್, ನಮ್ಮ ಮನ್ಯಾಗ ಇದನ್ನ ತಿನ್ನೂದಿಲ್ಲ’ ಎಂದಿದ್ದಾರೆ. ಅಚ್ಚಾದ ಪುಸ್ತಕ, ದೊಡ್ಡ ತಜ್ಞರು ಬರೆದದ್ದು, ಫೋಟೋ ಸಮೇತ ಇದೆ, ಸುಳ್ಳಾಗುತ್ತದೆಯೇ ಎಂದು ಮಾಸ್ತರು ಗದರಿಸಿದ್ದಾರೆ. ಅಗೆದು, ತೊಳೆದು, ಕುದಿಸಿದ್ದೂ ಆಯಿತು. ಅಷ್ಟರಲ್ಲಿ ಅಡುಗೆಯ ಬುಟ್ಟಿ ಹೊತ್ತು ಬಂದ ಯಲ್ಲವ್ವ ಪಾತ್ರೆಯೊಳಗೆ ಇಣುಕಿ, ಇದು ಕಹಿ, ಮಕ್ಕಳಿಗೆ ಹಾಕಕೂಡದು ಎಂದು ಅಡ್ಡ ನಿಂತಿದ್ದಾಳೆ. ಹಾಗಾದರೆ ಮೊದಲು ನಾನೇ ತಿಂದು ತೋರಿಸುತ್ತೇನೆ ಎಂದು ಮಾಸ್ತರು ದೊಡ್ಡ ತುಂಡೊಂದನ್ನು ಬಾಯಿಗೆ ಹಾಕಿಕೊಂಡಿದ್ದಾರೆ. ಆಮೇಲೆ ಅವರು ಬದುವಿನ ಆಚೆ ಓಡಿದ್ದಾರೆ, ಯಲ್ಲವ್ವ ಪಾತ್ರೆಯಲ್ಲಿದ್ದುದನ್ನು ಹಳ್ಳಕ್ಕೆ ಸುರುವಿದ್ದಾಳೆ.

“ಫೋಟೋದಾಗ ಹಂಗ ಐತಿ ಅಂತಾರ್ರಿ,” ಎಂದಳು ಯಲ್ಲವ್ವ. “ಫೋಟೋಕ್ಕ ಹೊಟ್ಟಿ ಇಲ್ಲರೀ, ಮಕ್ಕಳಿಗೆ ಐತಿ.”

ಅಷ್ಟರಲ್ಲಿ ಬಾಯಾರು ಒಬ್ಬ ರೈತನ ಕೈ ಹಿಡಿದುಕೊಂಡು ಬದು ದಾಟಿ ಬಂದರು. ಮಕ್ಕಳೆಲ್ಲ ಕ್ಷೇಮ ಎಂದು ತಿಳಿದ ಮೇಲೆ ಮಾಸ್ತರ ಮುಂದೆ ಕುಳಿತು ಕೈ ಮುಗಿದರು.

“ಮಾಸ್ತರ, ಪುಸ್ತಕ ತಪ್ಪದ. ತಪ್ಪು ನನ್ನದು. ನಾ ನೋಡದ ಅಚ್ಚಿಗೆ ಕಳಿಸಿದೆ.”

“ಅಲ್ರಿ, ನಂದು,” ಎಂದೆ ನಾನು. “ಸ್ಲೈಡು ತಿರುವಿ ಹಾಕಿದಾಂವ ನಾನು.”

ಮಾಸ್ತರು ಒಂದು ಕಣ್ಣು ತೆರೆದರು. ಗಂಟಲು ಕಟ್ಟಿಹೋಗಿತ್ತು.

“ಯಾರದರ ಆಗವಲ್ತ್ಯಾಕ,” ಎಂದರು. “ಇನ್ನೊಂದೀಟು ಮಜ್ಜಿಗಿ ಕೊಡ್ರಿ.”

ಅವರನ್ನು ಟ್ರ್ಯಾಕ್ಟರಿನಲ್ಲಿ ಡಾಕ್ಟರ ಹತ್ತಿರ ಒಯ್ದು ಬಂದೆವು. ಭಯವಿಲ್ಲ, ಸಂಜೆಯೊಳಗೆ ಸರಿಹೋಗುತ್ತದೆ ಎಂದರು; ಸರಿಹೋಯಿತು ಕೂಡ. ಯಲ್ಲವ್ವ ನಮ್ಮನ್ನು ಹಾಗೇ ಬಿಡಲಿಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಬದನೆಕಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ಹಾಕಿದಳು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಬಾಯಾರೂ ನಾನೂ ಬಡಬಡ ಉಂಡೆವು. ಕೈ ತೊಳೆಯುವಾಗ ಬಾಯಾರು, “ದಾವಲ್, ನಾಳಿಂದ ಎಲ್ಲಾ ಪುಸ್ತಕ ತಿರುಗಿ ತರಬೇಕು,” ಎಂದರು. ಅಷ್ಟೇ ಬೈಗುಳ. ಅವರು ನಾಲ್ಕು ಮಾತು ಜೋರಾಗಿ ಬೈದಿದ್ದರೆ ಚೆನ್ನಾಗಿತ್ತು ಎಂದು ನನಗೆ ಬಹಳ ಸಲ ಅನಿಸಿದೆ.

ಪುಸ್ತಕ ಹೋಗಿದ್ದ ಒಂದೊಂದು ಶಾಲೆಗೂ ನಾನೇ ಹೋದೆ. ಒಂದೊಂದು ಮುಖ್ಯೋಪಾಧ್ಯಾಯರ ಮುಂದೆಯೂ ನಿಂತು, ನನ್ನ ತಪ್ಪು ಎಂದು ಹೇಳಿ, ಆ ಹಾಳೆ ಹರಿದುಕೊಂಡು ಬಂದೆ. ಮೊದಲ ಶಾಲೆಯಲ್ಲಿ ನಾಲಿಗೆ ಹೊರಳಲಿಲ್ಲ. ಐದನೆಯದರ ಹೊತ್ತಿಗೆ ಅಭ್ಯಾಸವಾಗಿತ್ತು. ಕೆಲವರು ನಕ್ಕರು, ಒಬ್ಬರು ಬೈದರು, ಹೆಚ್ಚಿನವರು ಚಹಾ ತರಿಸಿದರು. ಕಚೇರಿಯಿಂದ ಮೆಮೊ ಬಂತು. ಅದಕ್ಕೆ ಉತ್ತರ ಬರೆಯುವಾಗ ಬೂಸು, ರೋಜಾ, ಗಡಿಯಾರ ಯಾವುದನ್ನೂ ಎಳೆದು ತರಲಿಲ್ಲ. ನೋಡಲಿಲ್ಲ ಎಂದಷ್ಟೇ ಬರೆದೆ.

ಡಿಜಿಟಲ್ ಬಂದ ಮೇಲೆ ಇಂಥದ್ದು ಆಗುವುದಿಲ್ಲ ಎಂದು ನೀವು ಹೇಳಬಹುದು. ನಿಮ್ಮ ಫೋನಿನ ಮುಂದಿನ ಕ್ಯಾಮೆರಾದಲ್ಲಿ ಅಂಗಡಿಯ ಬೋರ್ಡಿನ ಮುಂದೆ ನಿಂತು ನೋಡಿ, ಎಷ್ಟೋ ಫೋನುಗಳಲ್ಲಿ ಅಕ್ಷರ ಉಲ್ಟಾ ಕಾಣುತ್ತದೆ. ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಇಡೀ ಹೊಲ ಎಡಬಲ ತಿರುಗುತ್ತದೆ. ಚಂದ ಕಾಣಲಿ ಎಂದು ಹಾಗೆ ತಿರುಗಿಸುವವರನ್ನು ನಾನು ಬಲ್ಲೆ. ತಿರುಗಿಸಿ, ಬೇಡವೆನ್ನುವುದಿಲ್ಲ. ಆದರೆ ಅಚ್ಚಾದದ್ದನ್ನು ಒಮ್ಮೆಯಾದರೂ ಒಯ್ದು ಜೀವಂತ ಗಿಡದ ಪಕ್ಕ ಹಿಡಿಯಿರಿ. ಮನೆಯ ಸುತ್ತಲೇ ಕೆಲಸ ಮಾಡುವವರಿಗೆ ಇರುವ ದೊಡ್ಡ ಅನುಕೂಲ ಅದು. ಹುಲಿಯ ಫೋಟೋ ತೆಗೆದವನು ಹುಲಿಯ ಪಕ್ಕ ಹಿಡಿಯಲಾರ.

ಎರಡನೆಯ ಮುದ್ರಣಕ್ಕೆ ಮುಂದಿನ ಮಳೆಗಾಲದಲ್ಲಿ ಎರಡೂ ಬಳ್ಳಿಗಳನ್ನು ಹೊಸದಾಗಿ ತೆಗೆದೆ. ಚಳಿಗಾಲಕ್ಕೆ ಕರಡು ಬಂತು. ಬಾಯಾರ ಕಣ್ಣು ಅಷ್ಟರಲ್ಲಿ ಹದ್ದಿನ ಕಣ್ಣಾಗಿತ್ತು. ನೋಡಿ ಸಹಿ ಹಾಕಿದರು. ಹಾಕಿದ ಮೇಲೂ ಕರಡನ್ನು ನನ್ನ ಕೈಗೆ ಕೊಟ್ಟು, “ಅಚ್ಚಿಗೆ ಈಗ ಬ್ಯಾಡ. ಮೊದಲ ಯಲ್ಲವ್ವಗ ತೋರಿಸಿ ಬಾ,” ಎಂದರು.

ನಿಂಗಪ್ಪ ಮಾಸ್ತರೂ ನಾನೂ ಆಕೆಯ ಹೊಲಕ್ಕೆ ಹೋದೆವು. ಯಲ್ಲವ್ವನಿಗೆ ಓದಲು ಬರುವುದಿಲ್ಲ. ಕರಡಿನ ಹಾಳೆಯನ್ನು ಸೀರೆಗೆ ಕೈ ಒರೆಸಿಕೊಂಡು ಇಸಿದುಕೊಂಡಳು. ಬಳ್ಳಿಯ ಮೇಲೆ ಬೆರಳಿಟ್ಟು ಕೆಳಗಿನಿಂದ ಮೇಲಿನವರೆಗೆ ಮೆಲ್ಲಗೆ ಎಳೆದಳು. ಅಷ್ಟಕ್ಕೆ ತೃಪ್ತಿಯಾಗದೆ ಹಾಳೆ ಹಿಡಿದು ಬೇಲಿಯ ಹತ್ತಿರ ಹೋದಳು. ಒಂದು ಬಳ್ಳಿಯ ಪಕ್ಕ ಹಿಡಿದು ನೋಡಿದಳು, ಇನ್ನೊಂದರ ಪಕ್ಕ ಹಿಡಿದು ನೋಡಿದಳು. ಮಾಸ್ತರು ತಮಗೆ ಗೊತ್ತಿಲ್ಲದಂತೆಯೇ ಗಂಟಲು ಸವರಿಕೊಳ್ಳುತ್ತಿದ್ದರು. ಆಕೆ ತಿರುಗಿ ಬಂದು ಹಾಳೆಯನ್ನು ಮಾಸ್ತರ ಕೈಗೆ ಕೊಟ್ಟಳು.

“ಈ ಸಲ ನೀವು ಮೊದಲ ತಿಂದು ನೋಡೂದು ಬ್ಯಾಡ್ರಿ ಮಾಸ್ತರ,” ಎಂದಳು. “ಮಕ್ಕಳ ಜೋಡಿನ ಉಣ್ಣಾಕ ಕುಂದರ್ರಿ.”